ಅಜ್ಜಿಯ ಮಂಡಿ ನೋವು ಹೊಟ್ಟೆ ಆಪರೇಷನ್‌ನಿಂದ ಹೋಯಿತು. ಈ ಹೌಶಿಪ್–ರೊಂಬರ್ಗ್ ಸೈನ್ ಅಂದ್ರೆ ಏನು?

ಸೂಜಿದಾರ
ಭಾನುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ತಿಪಟೂರಿನಲ್ಲಿ ಲೇಡೀಸ್ ಟೈಲರ್. ಒಂದು ವಿಷಯ ತಲೆಗೆ ಹತ್ತುತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಜ್ಜಿಗೆ 81 ವರ್ಷ. ಅಮ್ಮನ ಅಮ್ಮ. ಏಳು ಹೆತ್ತವರು. ಅರಸೀಕೆರೆ ಕಡೆಯ ಹಳ್ಳಿಯವರು, ಈಗ ನಮ್ಮ ಜೊತೆಗೇ ಇದ್ದಾರೆ. ಎರಡು ವರ್ಷದಿಂದ ಅವರಿಗೆ ಬಲಗಾಲಿನ ಮಂಡಿ ನೋವು. ಮಂಡಿ ಚಿಪ್ಪಿನ ಮೇಲಲ್ಲ. ತೊಡೆಯ ಒಳಭಾಗದಿಂದ ಇಳಿದು ಮಂಡಿಯ ಒಳಮಗ್ಗುಲಿಗೆ ಬಂದು ನಿಲ್ಲುತ್ತಿತ್ತು. "ಕರೆಂಟ್ ಹೊಡ್ದಂಗೆ ಆಯ್ತದೆ ಕಣವ್ವ" ಅನ್ನುತ್ತಿದ್ದರು. ಎರಡು ದಿನ ಇರುತ್ತಿತ್ತು, ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ.

ಎಕ್ಸ್‌ರೇ ತೆಗೆಸಿದೆವು. ಮಂಡಿ ಸವೆದಿದೆ ಅಂದರು. 81ಕ್ಕೆ ಸವೆಯದೆ ಇರುತ್ತಾ? ಮಾತ್ರೆ, ಮುಲಾಮು, ನೀ ಕ್ಯಾಪ್, ಎಲ್ಲಾ ಆಯಿತು. ಅಮ್ಮ ದಿನಾ ರಾತ್ರಿ ಎಣ್ಣೆ ಹಚ್ಚಿ ನೀವಿ, ಬಟ್ಟೆಯಲ್ಲಿ ಉಪ್ಪು ಕಟ್ಟಿ ಬಿಸಿ ಶಾಖ ಕೊಡುತ್ತಿದ್ದರು.

ಒಂದು ವಿಚಿತ್ರ ನನ್ನ ಕಣ್ಣಿಗೆ ಬಿದ್ದಿತ್ತು. ನಮ್ಮ ಅಂಗಡಿಗೆ ಬರುವ ವಯಸ್ಸಾದ ಹೆಂಗಸರೆಲ್ಲ ಮಂಡಿ ಮಡಚಿದರೆ ನೋವು ಅನ್ನುತ್ತಾರೆ. ನೆಲದ ಮೇಲೆ ಕೂರುವುದಿಲ್ಲ, ಸ್ಟೂಲ್ ಕೇಳುತ್ತಾರೆ. ನಮ್ಮಜ್ಜಿ ತದ್ವಿರುದ್ಧ. ಈಳಿಗೆ ಮಣೆ ಮುಂದೆ ಕಾಲು ಮಡಚಿ ಕೂತರೆ ಆರಾಮ. ಕಾಲು ಚಾಚಿದರೆ ಕಷ್ಟ. ರಾತ್ರಿ ಬಲಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಮುದುರಿಕೊಂಡೇ ಮಲಗುತ್ತಿದ್ದರು. ಆಟೋ ಹತ್ತುವಾಗ ಕಾಲು ಅಗಲಿಸಿದರೆ ಕಿರುಚುತ್ತಿದ್ದರು. ನಾವು ಅಜ್ಜಿ ಸ್ವಲ್ಪ ಜಾಸ್ತಿನೇ ಮಾಡುತ್ತಾರೆ ಅಂದುಕೊಂಡೆವು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇದರ ಜೊತೆ ವರ್ಷಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಹಿಂಡಿ ವಾಂತಿ. ಎರಡು ದಿನ ಗಂಜಿ ಕುಡಿದು ಮಲಗಿದರೆ ಸರಿಹೋಗುತ್ತಿತ್ತು. ಅದಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಟೆವು. ಮಂಡಿಗೂ ವಾಂತಿಗೂ ಗಂಟು ಹಾಕಬೇಕು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ?

ಇನ್ನೊಂದು. ಅಜ್ಜಿಯ ಬ್ಲೌಸ್ ನಾನೇ ಹೊಲಿಯುವುದು. ನನ್ನ ಅಳತೆ ಪುಸ್ತಕದಲ್ಲಿ ಐದು ವರ್ಷದ ಹಿಂದೆ ಎದೆ 34 ಅಂತ ಇದೆ. ಹೋದ ಯುಗಾದಿಗೆ 29. ಹಳೇ ಬ್ಲೌಸ್‌ಗಳನ್ನೆಲ್ಲ ಒಳಗೆ ಹಿಡಿದು ಹಿಡಿದು ಕೊಟ್ಟಿದ್ದೇನೆ. ಆಸ್ಪತ್ರೆಯಲ್ಲಿ ತೂಕ ಹಾಕಿದಾಗ 36 ಕೆಜಿ.

ಹೋದ ತಿಂಗಳು ವಾಂತಿ ಶುರುವಾಗಿದ್ದು ನಿಲ್ಲಲಿಲ್ಲ. ಮೂರನೇ ದಿನ ಹಸಿರು ಹಸಿರು. ಹೊಟ್ಟೆ ಉಬ್ಬಿತು. ಕಕ್ಕಸ್ಸೂ ಇಲ್ಲ, ವಾಯುವೂ ಹೋಗುತ್ತಿಲ್ಲ. ಅಮ್ಮ ಹರಳೆಣ್ಣೆ ಕುಡಿಸಿದರು, ಅದೂ ವಾಪಸ್ ಬಂತು. ರಾತ್ರಿ ಹನ್ನೊಂದಕ್ಕೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡ್ಯೂಟಿಯಲ್ಲಿ ಇದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನನಗಿಂತ ಚಿಕ್ಕವರು. ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಅಜ್ಜಿ ಯಾಕೆ ಬಲಗಾಲು ಮಡಚಿಕೊಂಡೇ ಇದ್ದಾರೆ ಅಂತ ಕೇಳಿದರು. ನಾನು ಅದು ಬಿಡಿ ಮೇಡಂ, ಹಳೇ ಮಂಡಿ ನೋವು ಅಂದೆ. ಅವರು ಬಿಡಲಿಲ್ಲ. ಕಾಲನ್ನು ಮೆಲ್ಲಗೆ ನೇರ ಮಾಡಿ, ಹೊರಗಡೆಗೆ ಸರಿಸಿ, ಪಾದ ಹಿಡಿದು ಒಳಕ್ಕೆ ತಿರುಗಿಸಿದರು. ಅಜ್ಜಿ ಅಯ್ಯೋ ಅಂತ ಕಿರುಚಿ ಮಂಡಿಯ ಒಳಗಡೆ ಕೈ ಇಟ್ಟುಕೊಂಡರು. ಡಾಕ್ಟರಮ್ಮ ತೊಡೆಯನ್ನು ಮತ್ತೆ ಹೊಟ್ಟೆ ಕಡೆಗೆ ಮಡಚಿದರು, ಅಜ್ಜಿ ಸುಮ್ಮನಾದರು. ಎಡಗಾಲಿಗೂ ಹಾಗೇ ಮಾಡಿದರು, ಏನೂ ಆಗಲಿಲ್ಲ. ಡಾಕ್ಟರಮ್ಮ ಆಗಲೇ ಫೋನ್ ಹಿಡಿದು ಆ ಕಡೆ ಹೋದರು. ಅರ್ಧ ಗಂಟೆಯಲ್ಲಿ ಸಿಟಿ ಸ್ಕ್ಯಾನ್. ಬೆಳಗಿನ ಜಾವ ನಾಲ್ಕಕ್ಕೆ ಆಪರೇಷನ್. ಒಂದು ಗೇಣಿನಷ್ಟು ಕರುಳು ಕಪ್ಪಾಗಿತ್ತಂತೆ. ಅಷ್ಟು ತೆಗೆದು ಜೋಡಿಸಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ಮೂರನೇ ದಿನ ಅಜ್ಜಿ ಬಲಗಾಲು ಉದ್ದಕ್ಕೆ ಚಾಚಿ ಮಲಗಿದ್ದರು. ದಿಂಬಿಲ್ಲ. ಮಂಡಿ ನೋವು ಅಂದರೆ "ಎಲ್ಲೈತೆ? ಹೋಯ್ತಲ್ಲ" ಅಂದರು. ಮಂಡಿಗೆ ಯಾರೂ ಕೈ ಹಚ್ಚಿಲ್ಲ, ಕೊಯ್ದಿದ್ದು ಹೊಟ್ಟೆ!

ಡಿಸ್ಚಾರ್ಜ್ ಚೀಟಿಯಲ್ಲಿ ಬಲಗಡೆ ಆಬ್ಟ್ಯುರೇಟರ್ ಹರ್ನಿಯಾ, ಹೌಶಿಪ್–ರೊಂಬರ್ಗ್ ಸೈನ್ ಪಾಸಿಟಿವ್ ಅಂತ ಬರೆದಿದ್ದಾರೆ. ಹರ್ನಿಯಾ ಅಂದರೆ ಕರುಳು ಇಳಿದು ಉಬ್ಬು ಕಾಣಬೇಕಲ್ವಾ? ಅಜ್ಜಿಗೆ ಸ್ನಾನ ಮಾಡಿಸುವುದು ನಾನು, ಒಂದು ದಿನವೂ ಉಬ್ಬು ನೋಡಿಲ್ಲ. ಮತ್ತೆ ಹೊಟ್ಟೆಯ ರೋಗ ಮಂಡಿಗೆ ಹೇಗೆ ಹೋಯಿತು? ಅಮ್ಮ ಎರಡು ವರ್ಷ ನೀವಿದ್ದರಿಂದಲೇ ಕರುಳು ಸಿಕ್ಕಿಕೊಂಡಿತಾ ಅಂತ ಅಮ್ಮ ರಾತ್ರಿಯೆಲ್ಲಾ ಅಳುತ್ತಿದ್ದಾರೆ. ಗೊತ್ತಿದ್ದವರು ಹೇಳಿ.


ಗಿರಿ_ಹಾಸನ
ಭಾನುವಾರ, ರಾತ್ರಿ 10:20

ಅಕ್ಕಾ, ಅಜ್ಜಿ ಹುಷಾರಾಗಿದ್ದಾರಲ್ಲ, ಅದೇ ಸಾಕು.

ರೊಂಬರ್ಗ್ ಅಂದರೆ ನನಗೆ ಗೊತ್ತು. ನಮ್ಮಪ್ಪನಿಗೆ ಶುಗರ್ ಜಾಸ್ತಿಯಾಗಿ ಪಾದ ಜೋಮು ಹಿಡಿದಾಗ ಮಾಡಿದ್ದರು. ಎರಡೂ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅನ್ನುತ್ತಾರೆ. ಓಲಾಡಿದರೆ ಪಾಸಿಟಿವ್. ನರ ದುರ್ಬಲ ಅಂತ ಅರ್ಥ. ನಿಮ್ಮ ಅಜ್ಜಿಗೂ ನರದ ವೀಕ್‌ನೆಸ್ ಇರಬೇಕು. ಒಮ್ಮೆ ವಿಟಮಿನ್ ಬಿ12 ಚೆಕ್ ಮಾಡಿಸಿ.

ಇನ್ನೊಂದು ಮಾತು. ಹರ್ನಿಯಾ ಮತ್ತೆ ಬರಬಾರದು ಅಂದರೆ ಮೆಡಿಕಲ್ ಸ್ಟೋರಿನಲ್ಲಿ ಹರ್ನಿಯಾ ಬೆಲ್ಟ್ ಸಿಗುತ್ತದೆ. ನಮ್ಮ ಚಿಕ್ಕಪ್ಪ ಹತ್ತು ವರ್ಷದಿಂದ ಹಾಕುತ್ತಾರೆ, ಆಪರೇಷನ್ ಇಲ್ಲದೇ ನಡೆಯುತ್ತಿದೆ.


ನಿವೃತ್ತ ಸರ್ಜನ್
ಸೋಮವಾರ, ಬೆಳಗ್ಗೆ 6:15

ನೋಡಮ್ಮ, ಮೊದಲು ನಿಮ್ಮ ತಾಯಿಗೆ ಹೇಳಿ. ಮಂಡಿ ನೀವಿದ್ದರಿಂದ ಕರುಳು ಸಿಕ್ಕಿಕೊಳ್ಳುವುದಿಲ್ಲ. ಸಿಕ್ಕಿಕೊಂಡ ಜಾಗ ಅವರ ಕೈಗೆ ಎಟುಕುವಂಥದ್ದೇ ಅಲ್ಲ. ಇದನ್ನು ಅವರಿಗೆ ಓದಿ ಹೇಳಿ, ಆಮೇಲೆ ಮುಂದಕ್ಕೆ ಓದಿ.

ಗಿರಿಯವರೇ, ನೀವು ಹೇಳಿದ್ದು ರೊಂಬರ್ಗ್ ಟೆಸ್ಟ್. ಇದು ಹೌಶಿಪ್–ರೊಂಬರ್ಗ್ ಸೈನ್, ಬೇರೆ. ಸೈನ್ ಅಂದರೆ ಪರೀಕ್ಷೆ ಮಾಡಿದಾಗ ಕಾಣುವ ರೋಗದ ಗುರುತು. ಮನುಷ್ಯ ಮಾತ್ರ ಒಬ್ಬರೇ. ಮೊರಿಟ್ಸ್ ರೊಂಬರ್ಗ್ ಅಂತ ಬರ್ಲಿನ್‌ನ ನರರೋಗದ ವೈದ್ಯರು, 1795ರಿಂದ 1873ರವರೆಗೆ ಇದ್ದವರು. ಎರಡಕ್ಕೂ ಅವರ ಹೆಸರಿದೆ. ಹೌಶಿಪ್ ಅಂದರೆ ಜಾನ್ ಹೌಶಿಪ್, ಲಂಡನ್‌ನ ಸರ್ಜನ್. ಈ ನೋವಿನ ಬಗ್ಗೆ ಮೊದಲು 1840ರಲ್ಲಿ ಹೌಶಿಪ್ ಬರೆದರು, 1848ರಲ್ಲಿ ರೊಂಬರ್ಗ್ ಬರೆದರು. ಅದಕ್ಕೇ ಜೋಡಿ ಹೆಸರು. ಬೆಲ್ಟ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಸೊಂಟದ ಮೂಳೆಯ ಗೂಡಿನಲ್ಲಿ, ಕೆಳಗಡೆ ಮುಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ದೊಡ್ಡ ತೂತು ಇದೆ. ಎಲುಬುಗೂಡಿನ ಚಿತ್ರದಲ್ಲಿ ಎರಡು ಕಣ್ಣಿನ ಹಾಗೆ ಕಾಣುತ್ತದಲ್ಲ, ಅದೇ. ಆ ತೂತನ್ನು ಒಂದು ಗಟ್ಟಿ ಪೊರೆ ಮುಚ್ಚಿರುತ್ತದೆ. ಮೇಲಿನ ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಸಂದು ಬಿಟ್ಟಿರುತ್ತದೆ. ಎರಡು ಮೂರು ಸೆಂಟಿಮೀಟರ್ ಉದ್ದ, ಸುಮಾರು ಒಂದು ಸೆಂಟಿಮೀಟರ್ ಅಗಲ. ಅದರಲ್ಲಿ ಆಬ್ಟ್ಯುರೇಟರ್ ನರ, ಜೊತೆಗೆ ರಕ್ತನಾಳಗಳು ಹೊಟ್ಟೆಯ ಕಡೆಯಿಂದ ತೊಡೆಗೆ ಇಳಿಯುತ್ತವೆ. ನೀವು ಟೈಲರ್ ಅಂದಿರಿ. ಪೆಟಿಕೋಟಿನ ಸೊಂಟದ ಪಟ್ಟಿಯೊಳಗೆ ಲಾಡಿ ಹೋಗುತ್ತದಲ್ಲ, ಹಾಗೆ ಅಂದುಕೊಳ್ಳಿ. ಲಾಡಿ ಅಂದರೆ ನರ.

ಎಲ್ಲರಲ್ಲೂ ಆ ಸಂದಿನಲ್ಲಿ ನರದ ಸುತ್ತ ಸ್ವಲ್ಪ ಕೊಬ್ಬು ತುಂಬಿರುತ್ತದೆ. ಅದೇ ಬೂಚು. ಮುದುಕರಾಗಿ ಮೈ ಇಳಿದರೆ ಹೊರಗಿನ ಕೊಬ್ಬಿನ ಜೊತೆ ಈ ಬೂಚೂ ಕರಗುತ್ತದೆ, ಸಂದು ಸಡಿಲವಾಗುತ್ತದೆ. ನಿಮ್ಮ 34, 29 ಅನ್ನೋ ಅಳತೆ ಪುಸ್ತಕ ಇದೆಯಲ್ಲ, ಅದನ್ನು ನೋಡಿದ್ದರೆ ನಾನು ಅರ್ಧ ರೋಗ ಹೇಳಿಬಿಡುತ್ತಿದ್ದೆ. ಹೆಂಗಸರ ಸೊಂಟದ ಗೂಡು ಅಗಲ. ಸಂದೂ ಸ್ವಲ್ಪ ದೊಡ್ಡದು. ಅದರ ಮೇಲೆ ಏಳು ಹೆರಿಗೆ. ಒಳಗಿನ ಮಾಂಸಖಂಡ, ಪೊರೆ ಎಲ್ಲಾ ಹಿಗ್ಗಿರುತ್ತವೆ. ಅದಕ್ಕೇ ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಸಣಕಲು ಮುದುಕಿಯರ ಹರ್ನಿಯಾ ಅಂತಲೇ ಕರೆಯುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಆರೇಳು ಪಟ್ಟು ಜಾಸ್ತಿ. ಬಲಗಡೆ ಜಾಸ್ತಿ ಕಾಣುತ್ತದೆ. ಎಡಗಡೆಯ ಸಂದಿಗೆ ದೊಡ್ಡ ಕರುಳಿನ ಒಂದು ಭಾಗ ಅಡ್ಡ ಕೂತು ಕಾಪಾಡುತ್ತದೆ ಅಂತ ಹೇಳುತ್ತಾರೆ. ಒಟ್ಟು ಹರ್ನಿಯಾಗಳಲ್ಲಿ ಇದು ನೂರಕ್ಕೆ ಒಂದೂ ಇಲ್ಲ. ಬಹಳಷ್ಟು ಡಾಕ್ಟರುಗಳು ಒಂದನ್ನೂ ನೋಡದೇ ರಿಟೈರ್ ಆಗುತ್ತಾರೆ.

ಸಡಿಲವಾದ ಸಂದಿಗೆ ಸಣ್ಣ ಕರುಳಿನ ಒಂದು ಮಡಿಕೆ ನುಗ್ಗುತ್ತದೆ. ಲಾಡಿ ಇರುವ ಪಟ್ಟಿಯೊಳಗೆ ಬಟ್ಟೆ ತುರುಕಿದ ಹಾಗೆ. ಲಾಡಿ ಅಲ್ಲೇ ಬಿಗಿಯುತ್ತದೆ. ಈ ನರ ಎಲ್ಲಿಗೆ ಹೋಗುತ್ತದೆ ಅಂದರೆ ತೊಡೆಯ ಒಳಭಾಗದ ಮಾಂಸಖಂಡಗಳಿಗೆ, ಅಲ್ಲಿನ ಚರ್ಮಕ್ಕೆ, ಮತ್ತೆ ಒಂದು ಸಣ್ಣ ಕವಲು ಮಂಡಿ ಕೀಲಿಗೆ. ಮಿದುಳಿಗೆ ನರದ ಮಧ್ಯದಲ್ಲಿ ಎಲ್ಲಿ ಒತ್ತಿದೆ ಅಂತ ತಿಳಿಯುವುದಿಲ್ಲ. ನರ ಎಲ್ಲಿಗೆ ಹೋಗುತ್ತದೋ ಅಲ್ಲೇ ನೋವು ಅಂದುಕೊಳ್ಳುತ್ತದೆ. ಮೊಣಕೈ ಗೋಡೆಗೆ ಬಡಿದರೆ ಕಿರುಬೆರಳು ಜುಮ್ಮೆನ್ನುತ್ತದಲ್ಲ? ಅಷ್ಟೇ ವಿಷಯ. ಅಜ್ಜಿಯ ಮಂಡಿಗೆ ಏನೂ ಆಗಿರಲಿಲ್ಲ. ಆಗಿದ್ದರೂ ಈ ನೋವು ಅದರದ್ದಲ್ಲ.

ಆ ಡಾಕ್ಟರಮ್ಮ ಮಾಡಿದ್ದೇ ಹೌಶಿಪ್–ರೊಂಬರ್ಗ್ ಪರೀಕ್ಷೆ. ಕಾಲು ನೇರ ಮಾಡಿ, ಹೊರಗೆ ಸರಿಸಿ, ಒಳಕ್ಕೆ ತಿರುಗಿಸಿದರೆ ಆ ಸಂದಿನ ಸುತ್ತಲಿನ ಮಾಂಸಖಂಡ ಬಿಗಿಯುತ್ತದೆ, ಕರುಳು ನರವನ್ನು ಇನ್ನೂ ಒತ್ತುತ್ತದೆ. ನೋವು ಒಳತೊಡೆಯಿಂದ ಮಂಡಿಗೆ ಹರಿಯುತ್ತದೆ. ತೊಡೆ ಮಡಚಿದರೆ ಸಡಿಲವಾಗಿ ನೋವು ಇಳಿಯುತ್ತದೆ. ಅಜ್ಜಿ ದಿಂಬು ಇಟ್ಟುಕೊಂಡು ಮಲಗುತ್ತಿದ್ದದ್ದು ಯಾಕೆ ಅಂತ ಈಗ ತಿಳಿಯಿತಲ್ಲ? ಆಟೋ ಹತ್ತುವಾಗ ಅವರು ತಾವೇ ಆ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು, ಪಾಪ.

ಉಬ್ಬು ಯಾಕೆ ಕಾಣಲಿಲ್ಲ ಅಂದಿರಿ. ತೊಡೆಸಂದಿನ ಸಾಮಾನ್ಯ ಹರ್ನಿಯಾ ಚರ್ಮದ ಕೆಳಗೇ ಬರುತ್ತದೆ, ಕಾಣುತ್ತದೆ. ಇದು ತೊಡೆಯ ಒಂದು ಮಾಂಸಖಂಡದ ಹಿಂದೆ, ಆಳದಲ್ಲಿ ಅಡಗಿ ಕೂರುತ್ತದೆ. ಕಣ್ಣಿಗೂ ಕಾಣದು, ಹೊರಗಿನಿಂದ ಕೈಗೂ ಸಿಗದು. ಪ್ಯಾರಿಸ್‌ನ ಆರ್ನೋ ದ ರೋನ್ಸಿಲ್ ಇದನ್ನು 1724ರಲ್ಲೇ ಗುರುತಿಸಿದ್ದರು. ಆದರೆ ಆಪರೇಷನ್ ಮಾಡಿ ಉಳಿಸಿದ ಮೊದಲ ದಾಖಲೆ 1851ರದ್ದು, ಇಂಗ್ಲೆಂಡಿನ ಹೆನ್ರಿ ಓಬ್ರೆ ಅವರದ್ದು. ನಡುವೆ ನೂರಿಪ್ಪತ್ತೇಳು ವರ್ಷ. ಅಷ್ಟು ಕಳ್ಳ ರೋಗ.

ಈಗ ನನ್ನದೊಂದು ಹೇಳಿಬಿಡುತ್ತೇನೆ. 1994ರಲ್ಲಿ ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಇದ್ದೆ. ಸಿಟಿ ಸ್ಕ್ಯಾನ್ ನೂರೈವತ್ತು ಕಿಲೋಮೀಟರ್ ದೂರ. ಎಪ್ಪತ್ತು ದಾಟಿದ ಒಬ್ಬ ತಾಯಿ ಬಂದರು. ವಾಂತಿ, ಹೊಟ್ಟೆ ಉಬ್ಬರ. ಕರುಳು ಕಟ್ಟಿದೆ ಅಂತ ಗೊತ್ತಾಯಿತು, ಎಲ್ಲಿ ಅಂತ ಗೊತ್ತಾಗಲಿಲ್ಲ. ಮೂಗಿಗೆ ಟ್ಯೂಬ್ ಹಾಕಿದೆ, ಡ್ರಿಪ್ ಹಾಕಿದೆ. ಸ್ವಲ್ಪ ವಾಸಿ ಅನ್ನಿಸಿತು. ಎರಡು ದಿನ ಕಾದೆ. ಆಕೆ ಸಿಸ್ಟರ್ ಹತ್ತಿರ ಮಂಡಿ ನೋವು ಮಂಡಿ ನೋವು ಅನ್ನುತ್ತಿದ್ದರು. ಸಿಸ್ಟರ್ ಕೇಸ್ ಶೀಟಿನಲ್ಲಿ ಬರೆದಿದ್ದರು ಕೂಡ. ನಾನು ಅದರ ಕೆಳಗೆ ಮುಲಾಮು ಅಂತ ಬರೆದು ಸಹಿ ಹಾಕಿದೆ. ಮೂರನೇ ದಿನ ಹೊಟ್ಟೆ ತೆರೆದಾಗ ಕರುಳು ಆ ಸಂದಿನಲ್ಲಿ ಸಿಕ್ಕಿ ತೂತಾಗಿತ್ತು. ಆಕೆ ಉಳಿಯಲಿಲ್ಲ. ಎಂಎಸ್ ಪರೀಕ್ಷೆಯಲ್ಲಿ ಈ ಸೈನ್ ಬಗ್ಗೆ ಒಂದು ಪುಟ ಬರೆದು ಪಾಸಾದವನು ನಾನು. ವಾರ್ಡಿನಲ್ಲಿ ಎದುರಿಗೆ ಬಂದಾಗ ಗುರುತು ಸಿಗಲಿಲ್ಲ. ಆಮೇಲೆ 22 ವರ್ಷದ ಸರ್ವೀಸಿನಲ್ಲಿ ಇನ್ನು ಮೂರು ಕೇಸು ಸಿಕ್ಕವು. ಮೂರರಲ್ಲೂ ಮೊದಲು ಕಾಲು ತಿರುಗಿಸಿ ನೋಡಿದೆ. ಎರಡರಲ್ಲಿ ಪಾಸಿಟಿವ್ ಬಂತು, ಒಂದರಲ್ಲಿ ಇರಲಿಲ್ಲ. ಈ ಸೈನ್ ಇಲ್ಲ ಅಂದರೆ ರೋಗ ಇಲ್ಲ ಅಂತಲ್ಲ. ಅರ್ಧಕ್ಕರ್ಧ ಜನರಲ್ಲಿ ಕಾಣುವುದೇ ಇಲ್ಲ.

ಆ ಡ್ಯೂಟಿ ಡಾಕ್ಟರ್ ಹುಡುಗಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ.

ಬೆಲ್ಟ್: ಗಿರಿಯವರೇ, ಈ ಹರ್ನಿಯಾಕ್ಕೆ ಬೆಲ್ಟ್ ಎಲ್ಲಿ ಕಟ್ಟುತ್ತೀರಿ? ಮೂಳೆಯ ಒಳಗಾ? ನಿಮ್ಮ ಚಿಕ್ಕಪ್ಪನನ್ನೂ ಒಮ್ಮೆ ಸರ್ಜನ್‌ಗೆ ತೋರಿಸಿ. ಹತ್ತು ವರ್ಷ ನಡೆದಿದೆ ಅಂದರೆ ಹನ್ನೊಂದನೇ ವರ್ಷ ಸಿಕ್ಕಿಕೊಳ್ಳಬಾರದು ಅಂತೇನಿಲ್ಲ.


ಗಿರಿ_ಹಾಸನ
ಸೋಮವಾರ, ಬೆಳಗ್ಗೆ 8:40

ಕ್ಷಮಿಸಿ ಸಾರ್, ಬಾಯಿಗೆ ಬಂದದ್ದು ಬರೆದೆ. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಬೈದರು. ಆದರೂ ಶನಿವಾರ ಕರೆದುಕೊಂಡು ಹೋಗುತ್ತೇನೆ.


ಸೂಜಿದಾರ
ಸೋಮವಾರ, ಮಧ್ಯಾಹ್ನ 2:30

ಡಾಕ್ಟರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಅಮ್ಮ ಮೊದಲ ಸಾಲು ಮೂರು ಸಲ ಓದಿಸಿಕೊಂಡರು. ಲಾಡಿ ವಿಷಯ ಓದಿದ ಮೇಲೆ ನನಗೆ ಪೂರ್ತಿ ಅರ್ಥವಾಯಿತು. ಲಾಡಿ ಸಂದಿನೊಳಗೆ ಬಟ್ಟೆ ಸಿಕ್ಕಿದರೆ ಎಳೆದಷ್ಟೂ ಬಿಗಿಯುತ್ತದೆ. ಎಷ್ಟು ಪೆಟಿಕೋಟ್ ಬಿಚ್ಚಿ ಹೊಲಿದಿದ್ದೇನೋ ಲೆಕ್ಕ ಇಲ್ಲ.

ಇನ್ನೆರಡು ಕೇಳುತ್ತೇನೆ, ಆಮೇಲೆ ತೊಂದರೆ ಕೊಡುವುದಿಲ್ಲ. ಎರಡು ವರ್ಷ ಬಂದು ಹೋಗಿ ಮಾಡಿದ್ದು ಯಾಕೆ? ಕರುಳು ಸಿಕ್ಕಿದರೆ ಸಿಕ್ಕಿದ ಹಾಗೇ ಇರಬೇಕಲ್ಲ? ಇನ್ನೊಂದು, ಹರಳೆಣ್ಣೆ ಕುಡಿಸಿದ್ದು ತಪ್ಪಾಯಿತಾ? ನಮ್ಮ ಕಡೆ ಹೊಟ್ಟೆ ಕಟ್ಟಿದರೆ ಮೊದಲು ಅದೇ.

ಇದನ್ನು ಓದಿ ನಮ್ಮ ಅಂಗಡಿ ಎದುರಿನ ಆಂಟಿ ಗಾಬರಿ ಆಗಿದ್ದಾರೆ. ಅವರಿಗೂ ಮಂಡಿ ನೋವು. ನಂಗೂ ಸಿಟಿ ಮಾಡಿಸು ಅಂತ ಮಗನ ಪ್ರಾಣ ತೆಗೆಯುತ್ತಿದ್ದಾರೆ. 74 ಕೆಜಿ ಇದ್ದಾರೆ, ಬ್ಲೌಸ್ 42.


ನಿವೃತ್ತ ಸರ್ಜನ್
ಸೋಮವಾರ, ಸಂಜೆ 5:05

ಆಂಟಿಗೆ ಸಿಟಿ ಬೇಡ. ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ ನೋವಾದರೆ ಅದು ಮಂಡಿಯದ್ದೇ. ಮಂಡಿ ನೋವಿರುವ ಸಾವಿರಾರು ಜನರಲ್ಲಿ ಒಬ್ಬರಿಗೆ ಇದು ಇದ್ದರೆ ಹೆಚ್ಚು. ನೋವಿನ ಜೊತೆ ಬೇರೆ ಏನೇನು ಸೇರಿದೆ ಅಂತ ನೋಡಬೇಕು. ಸಣಕಲು ಮೈ, ಹೆಂಗಸು, ವಯಸ್ಸು ಎಪ್ಪತ್ತರ ಮೇಲೆ, ಆಗಾಗ ಹೊಟ್ಟೆ ಹಿಂಡಿ ವಾಂತಿ, ಕಾಲು ಚಾಚಿದರೆ ನೋವು, ಮಡಚಿದರೆ ಆರಾಮ. ನಿಮ್ಮಜ್ಜಿಗೆ ಇವೆಲ್ಲಾ ಇದ್ದವು. ಆಂಟಿಗೆ ಹೆಂಗಸು ಅನ್ನುವುದು ಬಿಟ್ಟರೆ ಒಂದೂ ಇಲ್ಲ. ಅವರಿಗೆ ತೂಕ ಇಳಿಸಿ ಅಂತ ನಾನು ಹೇಳಿದೆ ಅಂತ ಹೇಳಬೇಡಿ, ನನ್ನನ್ನೂ ಬೈಯುತ್ತಾರೆ.

ಬಂದು ಹೋಗುವುದಕ್ಕೆ ಕಾರಣ ಇದೆ. ಸಂದು ಬಹಳ ಚಿಕ್ಕದು. ಎಷ್ಟೋ ಸಲ ಕರುಳಿನ ಪೂರ್ತಿ ಸುತ್ತು ಒಳಗೆ ಹೋಗುವುದಿಲ್ಲ, ಒಂದು ಮಗ್ಗುಲು ಮಾತ್ರ ಚಿಮಟದಲ್ಲಿ ಹಿಡಿದ ಹಾಗೆ ಸಿಕ್ಕುತ್ತದೆ. ಇದಕ್ಕೆ ರಿಕ್ಟರ್ ಹರ್ನಿಯಾ ಅನ್ನುತ್ತಾರೆ. ಆಗ ದಾರಿ ಪೂರ್ತಿ ಮುಚ್ಚಿರುವುದಿಲ್ಲ. ಸ್ವಲ್ಪ ವಾಂತಿ, ಸ್ವಲ್ಪ ನೋವು. ಎರಡು ದಿನ ಗಂಜಿ ಕುಡಿದು ಮಲಗಿದಾಗ ಕರುಳು ತಾನಾಗೇ ಜಾರಿ ವಾಪಸ್ ಬರುತ್ತದೆ. ವಾಂತಿಯೂ ನಿಲ್ಲುತ್ತದೆ, ಮಂಡಿಯೂ ವಾಸಿ. ಎರಡೂ ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತಿದ್ದವಾ ಅಂತ ಅಜ್ಜಿಯನ್ನು ಕೇಳಿ ನೋಡಿ. ನನಗೆ ಕುತೂಹಲ. ಕೊನೆಗೊಂದು ಸಲ ಜಾರಿ ಬರಲಿಲ್ಲ, ಅಷ್ಟೇ. ರಕ್ತ ನಿಂತು ಕರುಳು ಕಪ್ಪಾಯಿತು.

ಹರಳೆಣ್ಣೆ. ಸುಳ್ಳು ಹೇಳುವುದಿಲ್ಲಮ್ಮ, ಅದು ಕೊಡಬಾರದಿತ್ತು. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ತಳ್ಳಿದರೆ ಕರುಳು ಇನ್ನೂ ಉಬ್ಬುತ್ತದೆ. ವಾಂತಿಯ ಜೊತೆ ಹೊಟ್ಟೆ ಉಬ್ಬಿ, ವಾಯುವೂ ಹೋಗುತ್ತಿಲ್ಲ ಅಂದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೋಗಬೇಕು. ಭೇದಿ ಮಾತ್ರೆಯೂ ಬೇಡ, ಎನಿಮಾವೂ ಬೇಡ. ಆದರೆ ನೀವೇ ಹೇಳಿದಿರಿ, ಕುಡಿದದ್ದು ವಾಪಸ್ ಬಂತು ಅಂತ. ಅದರಿಂದ ಕೇಸು ಕೆಟ್ಟಿತು ಅಂತ ನಾನು ಹೇಳಲಾರೆ. ಕೆಟ್ಟಿದ್ದು ಮೂರು ದಿನ ಕಾದದ್ದರಿಂದ. ನಾನು ಡಾಕ್ಟರಾಗಿ ಅಷ್ಟೇ ದಿನ ಕಾದಿದ್ದೆ ಅನ್ನುವುದನ್ನೂ ಅಮ್ಮನಿಗೆ ಹೇಳಿ.


ಫಿಸಿಯೋ ಮೂರನೇ ವರ್ಷ
ಸೋಮವಾರ, ರಾತ್ರಿ 11:15

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿಗೆ ಬರುವ ಅರ್ಧ ಜನ ಮಂಡಿ ನೋವಿನವರೇ. ಇದನ್ನು ಓದಿ ನಿದ್ದೆ ಬರುತ್ತಿಲ್ಲ. ಸಂಧಿವಾತ ಇರುವ ವಯಸ್ಸಾದವರಿಗೆ ಸೊಂಟದ ಕೀಲು ತಿರುಗಿಸಿದರೂ ಮಂಡಿಗೆ ನೋವು ಬರುತ್ತದೆ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಹಾಗಾದರೆ ಕೀಲಿನ ನೋವೋ ನರದ ನೋವೋ ಅಂತ ಕೈಯಲ್ಲೇ ತಿಳಿಯಲು ಬೇರೆ ಏನಾದರೂ ಇದೆಯಾ?


ನಿವೃತ್ತ ಸರ್ಜನ್
ಮಂಗಳವಾರ, ಬೆಳಗ್ಗೆ 6:00

ಒಳ್ಳೇ ಪ್ರಶ್ನೆ. ಆಬ್ಟ್ಯುರೇಟರ್ ನರದ ಕವಲು ಸೊಂಟದ ಕೀಲಿಗೂ ಹೋಗುತ್ತದೆ, ಮಂಡಿಗೂ ಹೋಗುತ್ತದೆ. ಅದಕ್ಕೇ ಗೊಂದಲ. ಮಕ್ಕಳು ಮಂಡಿ ನೋವು ಅಂತ ಕುಂಟಿಕೊಂಡು ಬಂದರೆ ಸೊಂಟದ ಎಕ್ಸ್‌ರೇ ತೆಗೆಸು ಅಂತ ನಮ್ಮ ಮೇಷ್ಟ್ರು ತಲೆಗೆ ಮೊಟಕಿ ಹೇಳುತ್ತಿದ್ದರು.

ಕೈಯಲ್ಲಿ ನರ ಪರೀಕ್ಷಿಸುವ ರಬ್ಬರ್ ಸುತ್ತಿಗೆ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಮಂಡಿಯಿಂದ ಸುಮಾರು ಐದು ಸೆಂಟಿಮೀಟರ್ ಮೇಲೆ, ತೊಡೆಯ ಒಳಗಡೆ ಬೆರಳು ಅಡ್ಡ ಇಟ್ಟು, ಬೆರಳ ಮೇಲೆ ಸುತ್ತಿಗೆಯಿಂದ ತಟ್ಟು. ಒಳತೊಡೆಯ ಮಾಂಸಖಂಡ ಪಟಕ್ಕನೆ ಕುಣಿಯಬೇಕು. ಆ ನರ ಒತ್ತಿದ್ದರೆ ಕುಣಿಯುವುದಿಲ್ಲ. ಆಮೇಲೆ ಮಂಡಿ ಚಿಪ್ಪಿನ ಕೆಳಗೆ ತಟ್ಟು. ಅದಕ್ಕೆ ಬೇರೆ ನರ, ಫೀಮೊರಲ್. ಅದು ಸರಿಯಾಗಿ ಒದೆಯುತ್ತದೆ. ಮೇಲಿನದು ಇಲ್ಲ, ಕೆಳಗಿನದು ಇದೆ ಅಂದರೆ ಆಬ್ಟ್ಯುರೇಟರ್ ನರವೇ ಕಳ್ಳ. ಎರಡೂ ಕಾಲು ಹೋಲಿಸಿ ನೋಡು. ಇದಕ್ಕೆ ಹ್ಯಾನಿಂಗ್ಟನ್-ಕಿಫ್ ಸೈನ್ ಅನ್ನುತ್ತಾರೆ, 1980ರಲ್ಲಿ ಬಂದದ್ದು. ವಯಸ್ಸಾದವರಲ್ಲಿ ಇದನ್ನು ಬರಿಸುವುದು ಕಷ್ಟ. ಮೊದಲು ಗೆಳೆಯರ ತೊಡೆ ಮೇಲೆ ಹತ್ತು ಸಲ ಅಭ್ಯಾಸ ಮಾಡು.

ಕೊನೆಗೆ ತೀರ್ಮಾನ ಹೇಳುವುದು ಸಿಟಿಯೇ. ಅನುಮಾನ ಬಂತಾ, ಚೀಟಿ ಬರೆದು ಸರ್ಜನ್ ಹತ್ತಿರ ಕಳಿಸು. ಕಾಲು ಎಳೆದು ಸ್ಟ್ರೆಚ್ ಮಾಡಿಸಬೇಡ.


ಸೂಜಿದಾರ
ಗುರುವಾರ, ರಾತ್ರಿ 9:10

ಡಾಕ್ಟರೇ, ಕೇಳಿದೆ. ಅಜ್ಜಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದಾಗ "ಊಂ ಮತ್ತೆ, ಹೊಟ್ಟೆ ಕೆಟ್ಟಾಗೆಲ್ಲ ಮಂಡಿನೂ ಹಿಡ್ಕತಿತ್ತು. ನಾನು ಯೋಳಿರ್ನಿಲ್ವಾ?" ಅಂದರು. ಹೇಳಿರಲಿಲ್ಲ. ಅಥವಾ ಹೇಳಿದ್ದರು, ನಾನು ಮಿಷನ್ ತುಳಿಯುತ್ತಾ ಊಂ ಅಂದಿದ್ದೆನೋ ಏನೋ.

ಇವತ್ತು ಹೊಲಿಗೆ ಬಿಚ್ಚಿಸಲು ಹೋಗಿದ್ದೆವು. ಸರ್ಜನ್ ನನಗೂ ಗಾಯ ತೋರಿಸಿದರು. ನಮ್ಮ ಹಾಗೆ ಒಳಹೊಲಿಗೆ ಅಲ್ಲ, ಒಂದೊಂದೇ ಟಾಕು, ಒಂದೊಂದಕ್ಕೂ ಬೇರೆ ಗಂಟು. ಕೈ ನೀಟಾಗಿದೆ. ಒಳಗಿನ ಸಂದನ್ನೂ ಹಾಗೇ ಟಾಕು ಹಾಕಿ ಮುಚ್ಚಿದ್ದಾರಂತೆ. ಎಡಗಡೆಯದನ್ನೂ ಆಗಲೇ ನೋಡಿದರಂತೆ, ಏನೂ ಇಲ್ಲ.

ಆ ಡಾಕ್ಟರಮ್ಮನನ್ನು ಹುಡುಕಿದೆ. ನೈಟ್ ಡ್ಯೂಟಿ ಅಂತ ಸಿಗಲಿಲ್ಲ. ನಿಮ್ಮ ನಮಸ್ಕಾರ ಒಂದು ಚೀಟಿಯಲ್ಲಿ ಬರೆದು ಸಿಸ್ಟರ್ ಕೈಲಿ ಕೊಟ್ಟು ಬಂದಿದ್ದೇನೆ. ಜೊತೆಗೆ ಒಂದು ಬ್ಲೌಸ್ ಪೀಸ್ ಇಟ್ಟಿದ್ದೇನೆ. ಅಳತೆ ಕೊಟ್ಟರೆ ಹೊಲಿದುಕೊಡುತ್ತೇನೆ ಅಂತ ಹೇಳಿದ್ದೇನೆ.

ಬರುವಾಗ ಅಜ್ಜಿ ಆಟೋಗೆ ಬಲಗಾಲು ಮೊದಲು ಇಟ್ಟು ಹತ್ತಿದರು.